ಇದು ನಿನ್ನ ಕಾಗದ ಅಲ್ಲಮ್ಮ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಎರಡು ಅರೆಗಳ ತುಂಬ ನಮ್ಮ ಮೇಷ್ಟ್ರೂ ನಾನೂ ಬರೆದ ಕಾಗದಗಳ ಕಾರ್ಬನ್ ಪ್ರತಿಗಳಿವೆ. ನಾವು ಕಣ್ಣಲ್ಲಿ ಕಾಣದ ಜನರಿಗಾಗಿ, ಕಾಲಿಡದ ದೇಶಗಳ ಮಂತ್ರಿಗಳಿಗೆ, ಜೈಲು ಅಧಿಕಾರಿಗಳಿಗೆ, ರಾಯಭಾರಿಗಳಿಗೆ ಬರೆದವು ಅವೆಲ್ಲ. ಮೇಷ್ಟ್ರು ನಾಡಿಗೆ ಗೊತ್ತಿದ್ದ ಚಿಂತಕರು. ಈ ಕೆಲಸಕ್ಕೆ ತಮ್ಮ ಹೆಸರು ಅಂಟಿಕೊಳ್ಳಬಾರದೆಂದು ಅವರೇ ಹೇಳಿ ಹೋಗಿದ್ದಾರೆ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ನಾನು ಅವರ ವಿದ್ಯಾರ್ಥಿನಿ. ಆಮೇಲೆ ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದೆ. ಕರಡು ಬರೆಯುವುದು, ವಿಳಾಸ ಹುಡುಕುವುದು, ಟೈಪ್ ಮಾಡುವುದು, ಅಂಚೆಗೆ ಹಾಕುವುದು ನನ್ನ ಪಾಲಿಗೆ. ತಿದ್ದಿ ಸಹಿ ಹಾಕುವುದು ಅವರ ಪಾಲಿಗೆ. 1988ರಲ್ಲಿ ಬರ್ಮಾದ ವಿದ್ಯಾರ್ಥಿಗಳ ಮೇಲೆ ಸೇನೆ ಗುಂಡು ಹಾರಿಸಿದ ಸುದ್ದಿ ಬಂದ ಮೇಲೆ ಶುರುವಾದದ್ದು, ಅವರು ತೀರಿಕೊಂಡ ಮೇಲೂ ನಿಂತಿಲ್ಲ.

ಹೋದ ತಿಂಗಳು ನಾಲ್ಕು ಜನ ಹುಡುಗ ಹುಡುಗಿಯರು ಮನೆಗೆ ಬಂದು, ನಾವೂ ಬರೆಯಬೇಕು ಮೇಡಂ, ಹೇಗೆ ಶುರು ಮಾಡುವುದು ಅಂತ ಕೇಳಿದರು. ಅವತ್ತು ಹೇಳಿದ್ದು ಅರ್ಧ, ಹೇಳದೆ ಉಳಿದದ್ದು ಅರ್ಧ. ಎರಡನ್ನೂ ಸೇರಿಸಿ ಬರೆದಿದ್ದೇನೆ.

1. ಮೊದಲು ಹೆಸರು ಸರಿಯಾಗಿ ಬರೆಯಿರಿ

ನನ್ನ ಮೊದಲ ತಪ್ಪು ಹೆಸರಿನದ್ದೇ. ಬರ್ಮಾದ ಪತ್ರಕರ್ತ ವಿನ್ ಟಿನ್ ಅವರನ್ನು 1989ರ ಜುಲೈನಲ್ಲಿ ಹಿಡಿದು ರಂಗೂನಿನ ಇನ್ಸೇನ್ ಜೈಲಿಗೆ ಹಾಕಿದ್ದರು. ವರದಿಯಲ್ಲಿ ಅವರ ಹೆಸರು 'ಉ ವಿನ್ ಟಿನ್' ಎಂದಿತ್ತು. ಇನಿಶಿಯಲ್ಲು ಇಲ್ಲದೆ ಹೆಸರೇ ಪೂರ್ತಿಯಾಗದ ಸೀಮೆಯವಳು ನಾನು. ಅನಂತಮೂರ್ತಿಯವರ ಯು ಅಂದರೆ ಉಡುಪಿ ಇದ್ದ ಹಾಗೆ ಇದೂ ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡು, 'ಮಿಸ್ಟರ್ ಯು. ಡಬ್ಲ್ಯೂ. ಟಿನ್' ಎಂದು ಟೈಪ್ ಮಾಡಿಬಿಟ್ಟೆ. ಬರ್ಮಾದಲ್ಲಿ ಮನೆತನದ ಹೆಸರೇ ಇಲ್ಲ. 'ಉ' ಅನ್ನುವುದು ಹಿರಿಯ ಗಂಡಸರಿಗೆ ನಾವು ಹಾಕುವ ಶ್ರೀ ಇದ್ದಂತೆ, ಹೆಂಗಸರಿಗೆ 'ದಾ'. ನಾನು ಬರೆದ ಹೆಸರಿನ ಮನುಷ್ಯ ಆ ಜೈಲಿನಲ್ಲಿ ಇರಲೇ ಇಲ್ಲ!

ಮೇಷ್ಟ್ರು ಕಾಗದ ಕೆಳಗಿಟ್ಟು, "ಅಲ್ಲಮ್ಮಾ, ಆ ಆಫೀಸರು ಏನು ಮಾಡ್ತಾನೆ ಗೊತ್ತಾ? ಈ ಹೆಸರಿನ ಕೈದಿ ನಮ್ಮಲ್ಲಿಲ್ಲ ಅಂತ ಬರೆದು ಫೈಲು ಮುಚ್ತಾನೆ. ಸುಳ್ಳು ಹೇಳೋ ಶ್ರಮವನ್ನೂ ನೀನೇ ತಪ್ಪಿಸಿಕೊಟ್ಟೆಯಲ್ಲ" ಅಂದರು. ನನಗೆ ಕಣ್ಣೀರು ಬಂತು.

ಆವತ್ತಿನಿಂದ ಪ್ರತಿ ಕಡತದ ಮೊದಲ ಹಾಳೆಯಲ್ಲಿ ಇಷ್ಟು ಇರುತ್ತದೆ: ಆ ದೇಶದಲ್ಲಿ ಬರೆಯುವ ಕ್ರಮದಲ್ಲೇ ಪೂರ್ತಿ ಹೆಸರು, ಹಿಡಿದ ದಿನ, ಹಾಕಿರುವ ಕಲಮು, ಶಿಕ್ಷೆಯ ಅವಧಿ, ಈಗಿರುವ ಜೈಲು. ಎರಡು ಕಡೆಯಿಂದ ಖಚಿತವಾಗದ ವಿವರ ಕಾಗದದೊಳಗೆ ಹೋಗುವಂತಿಲ್ಲ. ಸೆರೆಮನೆ ಮನುಷ್ಯನನ್ನು ಮರೆಸುವ ಜಾಗ. ಕಾಗದ ಮಾಡುವ ಮೊದಲ ಕೆಲಸ, ಇಂಥವನು ಇಲ್ಲಿದ್ದಾನೆಂದು ಹೊರಗೆ ಯಾರೋ ಲೆಕ್ಕ ಇಟ್ಟಿದ್ದಾರೆ ಎಂದು ಕಾವಲಿನವರಿಗೆ ತಿಳಿಸುವುದು. ಲೆಕ್ಕದಲ್ಲೇ ತಪ್ಪಿದರೆ ಮುಂದಿನ ಸಾಲುಗಳನ್ನು ಯಾರೂ ಓದುವುದಿಲ್ಲ.

2. ಬೈದರೆ ನಿಮ್ಮ ಎದೆ ಹಗುರಾಗುತ್ತದೆ, ಅಷ್ಟೇ

ಹೆಸರು ತಿದ್ದಿಕೊಂಡು ಎರಡನೆಯ ಕರಡು ಬರೆದೆ. ಅದರಲ್ಲಿ ಸೇನಾಡಳಿತಗಾರರನ್ನು ಹಿಟ್ಲರನಿಗೆ ಹೋಲಿಸಿದ್ದೆ. ಇತಿಹಾಸ ನಿಮ್ಮನ್ನು ಕ್ಷಮಿಸದು ಅಂತಲೂ ಬರೆದಿದ್ದೆ. ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಆ ಪ್ಯಾರಾವನ್ನೇ ಅಡ್ಡ ಹೊಡೆದರು. "ಬೈದ್ರೆ ನಿನಗೆ ಸಮಾಧಾನ. ಅವನ ಬೇಡಿ ಸಡಿಲ ಆಗುತ್ತಾ? ಇದು ನಿನ್ನ ಕಾಗದ ಅಲ್ಲಮ್ಮ, ಅವನ ಕಾಗದ."

ಈ ಮಾತನ್ನು ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮಾನ್ಯರೇ ಎಂದು ಶುರು ಮಾಡಿ, ನಾವು ಯಾರು ಎಂದು ಒಂದು ಸಾಲು, ಯಾರ ಬಗ್ಗೆ ಎಂದು ಎರಡು ಸಾಲು, ಏನು ಬೇಕೆಂದು ನಾಲ್ಕು ಸಾಲು, ಕೊನೆಗೆ ಗೌರವಪೂರ್ವಕ ವಂದನೆ. ಒಂದು ಹಾಳೆ ದಾಟಬಾರದು. ಮರ್ಯಾದೆಯ ಒಕ್ಕಣೆ ಅಂದರೆ ಹೆದರಿಕೆಯಲ್ಲ. ಮೇಲಿನವರಿಗೆ ತೋರಿಸಲು ಹಿಂಜರಿಯದಂಥ ಕಾಗದವನ್ನು ಕೆಳಗಿನ ಗುಮಾಸ್ತನ ಕೈಗೆ ಕೊಡಬೇಕು.

3. ದೊಡ್ಡದನ್ನೂ ಕೇಳಿ, ಸಣ್ಣದನ್ನೂ ಕೇಳಿ

'ಬೇಷರತ್ತಾಗಿ ಬಿಡುಗಡೆ ಮಾಡಿ' ಅನ್ನುವ ಸಾಲು ಪ್ರತಿ ಕಾಗದದಲ್ಲೂ ಇರಬೇಕು. ಆದರೆ ಜೈಲಿನ ಸೂಪರಿಂಟೆಂಡೆಂಟನಿಗೆ ಅದು ಕೈಮೀರಿದ್ದು. ಅವನಿಗೆ ಸಾಧ್ಯವಿರುವುದು ಬೇರೆ: ಕನ್ನಡಕ, ಔಷಧಿ, ಹಾಸಿಗೆ, ತಿಂಗಳಿಗೊಂದು ಮನೆಯವರ ಭೇಟಿ, ಓದಲು ಒಂದು ಪುಸ್ತಕ. ವಿನ್ ಟಿನ್ ಅವರಿಗೆ ಹೊಡೆತದಿಂದ ಹಲ್ಲು ಹೋಗಿದ್ದವು, ಕಟ್ಟಿಸಿಕೊಳ್ಳಲು ವರ್ಷಗಟ್ಟಲೆ ಬಿಡಲಿಲ್ಲ. ಹೃದಯದ ಕಾಯಿಲೆ ಬೇರೆ. ಬರೆಯಲು ಏನೂ ಕೊಡದಿದ್ದಾಗ ಇಟ್ಟಿಗೆಯ ಪುಡಿಯನ್ನು ನೀರಿನಲ್ಲಿ ಕಲಸಿ ಗೋಡೆಯ ಮೇಲೆ ಬರೆಯುತ್ತಿದ್ದರಂತೆ. ಅಂಥವರಿಗಾಗಿ ಸಿದ್ಧಾಂತದ ಬಗ್ಗೆ ಎರಡು ಪುಟ ಬರೆಯುವುದಕ್ಕಿಂತ ದಂತವೈದ್ಯರನ್ನು ಕಳಿಸಿಕೊಡಿ ಎಂದು ಎರಡು ಸಾಲು ಬರೆಯುವುದು ಮೇಲು. ನಮ್ಮ ಕಾಗದದಿಂದ ಏನಾಯಿತೋ ಹೇಳಲಾರೆ. 2008ರ ಸೆಪ್ಟೆಂಬರ್ 23ರಂದು, ಹತ್ತೊಂಬತ್ತು ವರ್ಷಗಳ ನಂತರ ಅವರು ಹೊರಬಂದರು. ಉಳಿದ ಗೆಳೆಯರು ಇನ್ನೂ ಒಳಗಿದ್ದಾರೆಂದು, ಕೈದಿಯ ಅಂಗಿಯ ನೀಲಿ ಬಣ್ಣವನ್ನೇ 2014ರಲ್ಲಿ ಸಾಯುವ ತನಕ ತೊಟ್ಟರು.

4. ಮೊದಲ ವಾರ ಬರೆದದ್ದೇ ಕಾಗದ

ಹಿಡಿದುಕೊಂಡು ಹೋದ ಮೊದಲ ಕೆಲವು ದಿನಗಳಲ್ಲೇ ಹೊಡೆತ ಜಾಸ್ತಿ, ಕಾಣೆಯಾಗುವ ಭಯವೂ ಜಾಸ್ತಿ. ಸ್ಪೇನಿನ ಕವಿ ಲೋರ್ಕಾ ಅವರನ್ನು 1936ರ ಆಗಸ್ಟ್‌ನಲ್ಲಿ ಗ್ರನಾಡಾದ ಬಳಿ ಕೊಂದರು. ಲೇಖಕರ ಅಂತಾರಾಷ್ಟ್ರೀಯ ಸಂಸ್ಥೆ ಪೆನ್‌ನ ಅಧ್ಯಕ್ಷರಾಗಿದ್ದ ಎಚ್.ಜಿ. ವೆಲ್ಸ್ ತಂತಿ ಕಳಿಸಿ ವಿಚಾರಿಸಿದಾಗ, ಅವರೆಲ್ಲಿದ್ದಾರೋ ತಿಳಿಯದು ಅಂತ ಉತ್ತರ ಬಂತು. ಆ ವೇಳೆಗೆ ಕವಿ ಮಣ್ಣಾಗಿ ವಾರಗಳೇ ಕಳೆದಿದ್ದವು. ಮರುವರ್ಷ ಅದೇ ಸ್ಪೇನಿನಲ್ಲಿ ಸಿಕ್ಕಿಬಿದ್ದ ಪತ್ರಕರ್ತ ಆರ್ಥರ್ ಕೋಸ್ಲರ್ ವಿಷಯದಲ್ಲಿ ಹಾಗಾಗಲಿಲ್ಲ. ಮರಣದಂಡನೆಯ ನೆರಳಿನಲ್ಲಿದ್ದವರಿಗಾಗಿ ಲಂಡನ್ನಿನಿಂದ ತಕ್ಷಣ ಕಾಗದ, ತಂತಿ, ಮನವಿಗಳ ಮಳೆಯೇ ಸುರಿಯಿತು. ಮೂರು ತಿಂಗಳಲ್ಲಿ ಕೈದಿಗಳ ವಿನಿಮಯದಲ್ಲಿ ಹೊರಬಂದರು.

ಕಾಗದ ಚೆನ್ನಾಗಿ ಬರಲಿ ಅಂತ ಕಾಯುವುದು ನಮ್ಮಂಥ ಮೇಷ್ಟ್ರುಗಳ ಚಾಳಿ. ಅದನ್ನು ಬಿಡಿ.

5. ಗುಡ್ಡೆ ಬೀಳಬೇಕು

1975ರಲ್ಲಿ ಡೊಮಿನಿಕನ್ ಗಣರಾಜ್ಯದ ಕಾರ್ಮಿಕ ನಾಯಕ ಹೂಲಿಯೊ ದ ಪೆನ್ಯಾ ವಾಲ್ದೆಸ್ ಅವರನ್ನು ನೆಲಮಾಳಿಗೆಯ ಕೋಣೆಯಲ್ಲಿ ಬೆತ್ತಲೆ ಕೂಡಿಹಾಕಿದ್ದರು. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ಸದಸ್ಯರ ಕಾಗದಗಳು ಜೈಲಿಗೆ ಬರತೊಡಗಿದವು. ಮೊದಲ ಇನ್ನೂರು ಬಂದಾಗ ಬಟ್ಟೆ ವಾಪಸ್ಸು ಕೊಟ್ಟರು. ಇನ್ನೂ ಇನ್ನೂರು ಬಂದ ಮೇಲೆ ಜೈಲಿನ ಮುಖ್ಯಸ್ಥನೇ ನೋಡಲು ಬಂದ. ಆಮೇಲಿನ ಗುಡ್ಡೆಗೆ ಅವನು ಮೇಲಿನವರಿಗೆ ತಿಳಿಸಿದ. ಕಾಗದಗಳು ಸಾವಿರಗಳಾಗಿ ಅಧ್ಯಕ್ಷರ ಕಿವಿಗೆ ಮುಟ್ಟಿ ಬಿಡುಗಡೆಯಾಯಿತು. ಹೊರಬಂದವರೇ ಹೇಳಿದ ಕಥೆ ಇದು. ಇದನ್ನು ಕೇಳಿದ ಮೇಲೆ, ನಮ್ಮದೊಂದು ಕಾಗದದಿಂದ ಏನಾಗುತ್ತದೆ ಅನ್ನುವ ಪ್ರಶ್ನೆ ನನಗೆ ಹುಟ್ಟಿಲ್ಲ. ಬಟ್ಟೆ ಸಿಕ್ಕಿದ್ದು ಎಷ್ಟನೆಯ ಕಾಗದಕ್ಕೆ ಅಂತ ಯಾರು ಹೇಳಿಯಾರು?

ಈಗಿನವರು ಇ-ಮೇಲ್ ಕಳಿಸುತ್ತಾರೆ. ಕಳಿಸಿ, ಬೇಗ ಮುಟ್ಟುತ್ತದೆ. ಆದರೆ ಜೊತೆಗೆ ಕಾಗದವನ್ನೂ ಹಾಕಿ. ಲಕೋಟೆಯನ್ನು ಯಾರಾದರೂ ಕೈಯಲ್ಲಿ ಎತ್ತಲೇಬೇಕು, ಒಡೆಯಲೇಬೇಕು, ಎಲ್ಲಾದರೂ ಇಡಲೇಬೇಕು.

6. ನಮ್ಮವರು ಅಂದುಕೊಂಡವರಿಗೂ ಬರೆಯಿರಿ

ಮೇಷ್ಟ್ರ ಮೇಜಿನ ಮೇಲೆ ಬರ್ಟ್ರಂಡ್ ರಸೆಲ್ ಅವರ ಫೋಟೋ ಇತ್ತು. ಗಣಿತಜ್ಞ, ದಾರ್ಶನಿಕ ಎಂದು ಲೋಕ ತಿಳಿದಿರುವ ಆ ಮನುಷ್ಯ ತಮ್ಮ ತೊಂಬತ್ತರ ಆಸುಪಾಸಿನಲ್ಲಿ ವೇಲ್ಸಿನ ಮನೆಯಲ್ಲಿ ಕೂತು ಯಾವ ಯಾವುದೋ ದೇಶದ ಕೈದಿಗಳಿಗಾಗಿ ಕಾಗದ ಬರೆಸುತ್ತಿದ್ದರು. ಗ್ರೀಸಿನ ಜೈಲಿನಲ್ಲಿ ಕೊಳೆಯುತ್ತಿದ್ದ ಎಡಪಂಥೀಯರಿಗಾಗಿ ಬರೆದರು. ಸೋವಿಯತ್ ಒಕ್ಕೂಟದ ಯಹೂದಿಗಳಿಗಾಗಿ ನೇರವಾಗಿ ಕ್ರುಶ್ಚೇವ್‌ಗೆ ಬರೆದರು. ಜೈಲು ಅಂದರೆ ಏನೆಂದು ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. 1918ರಲ್ಲಿ ಯುದ್ಧವಿರೋಧಿ ಲೇಖನಕ್ಕಾಗಿ, 1961ರಲ್ಲಿ ಅಣುಬಾಂಬಿನ ವಿರುದ್ಧ ಚಳವಳಿಗಾಗಿ ಎರಡು ಸಲ ಬ್ರಿಕ್ಸ್‌ಟನ್ ಜೈಲು ಕಂಡಿದ್ದರು. ಎರಡನೆಯ ಸಲ ಅವರಿಗೆ ಎಂಬತ್ತೊಂಬತ್ತು.

ನಾನು ಹೇಳಬೇಕೆಂದಿರುವುದು ಹೈನ್ಸ್ ಬ್ರಾಂಟ್ ಅವರ ಪ್ರಕರಣ. ಜರ್ಮನಿಯ ಕಮ್ಯುನಿಸ್ಟ್. ನಾಜಿಗಳ ಜೈಲು, ಆಶ್ವಿತ್ಸ್, ಬೂಖನ್‌ವಾಲ್ಡ್ ಎಲ್ಲ ದಾಟಿ ಬದುಕಿ ಬಂದವರು. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯಲ್ಲಿ ಪಕ್ಷದ ಕೆಲಸ ಮಾಡಿ, ಅಲ್ಲಿಯ ಆಳ್ವಿಕೆ ಕಂಡು ರೋಸಿ 1958ರಲ್ಲಿ ಪಶ್ಚಿಮಕ್ಕೆ ಹೋದರು. ಫ್ರಾಂಕ್‌ಫರ್ಟಿನಲ್ಲಿ ಲೋಹ ಕಾರ್ಮಿಕರ ಸಂಘದ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. 1961ರ ಜೂನ್‌ನಲ್ಲಿ ಪಶ್ಚಿಮ ಬರ್ಲಿನ್ನಿಗೆ ಹೋದವರು ಮಾಯವಾದರು. ಪೂರ್ವದವರು ಅಪಹರಿಸಿದ್ದರು. ಹದಿಮೂರು ವರ್ಷ ಶಿಕ್ಷೆ ಹಾಕಿದರು. ಹಿಟ್ಲರನ ಕಾಲದಲ್ಲಿ ಹನ್ನೊಂದು ವರ್ಷ ಬಂಧನದಲ್ಲಿದ್ದವರಿಗೆ ಹಿಟ್ಲರನ ವಿರೋಧಿಗಳೆಂದು ಹೇಳಿಕೊಳ್ಳುವವರಿಂದ ಇನ್ನೂ ಹದಿಮೂರು.

ರಸೆಲ್ ಪೂರ್ವ ಜರ್ಮನಿಗೆ ಕಾಗದದ ಮೇಲೆ ಕಾಗದ ಬರೆದರು. ಅದೇ ಪೂರ್ವ ಜರ್ಮನಿಯ ಶಾಂತಿ ಮಂಡಳಿ ಅವರಿಗೆ ಓಸಿಯೆಟ್ಸ್‌ಕಿ ಪದಕ ಕೊಟ್ಟಿತ್ತು. ಕಾರ್ಲ್ ಫಾನ್ ಓಸಿಯೆಟ್ಸ್‌ಕಿ ಯಾರು? ನಾಜಿಗಳ ಸೆರೆಯಲ್ಲಿ ಇರುವಾಗಲೇ 1935ರ ಸಾಲಿನ ಶಾಂತಿ ನೊಬೆಲ್ ಪಡೆದು, 1938ರಲ್ಲಿ ಬಂಧನದಲ್ಲೇ ತೀರಿಕೊಂಡ ಪತ್ರಕರ್ತ. ಒಬ್ಬ ಕೈದಿಯ ಹೆಸರಿನ ಪದಕವನ್ನು ಇನ್ನೊಬ್ಬ ಕೈದಿಯನ್ನು ಕೂಡಿಹಾಕಿದವರಿಂದ ಇಟ್ಟುಕೊಳ್ಳುವುದು ಹೇಗೆ? 1964ರ ಜನವರಿಯಲ್ಲಿ ರಸೆಲ್ ಪದಕವನ್ನು ವಾಪಸ್ಸು ಕಳಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಬ್ರಾಂಟ್ ಬಿಡುಗಡೆಯಾದರು.

ಶೀತಲ ಸಮರದ ಆ ದಿನಗಳಲ್ಲಿ ಅಮೆರಿಕದ ಅಣ್ವಸ್ತ್ರವನ್ನು ಬಲವಾಗಿ ವಿರೋಧಿಸುತ್ತಿದ್ದ ರಸೆಲ್ ಅವರನ್ನು ಪೂರ್ವದ ದೇಶಗಳು ನಮ್ಮವರೆಂದೇ ತಿಳಿದಿದ್ದವು. ಆ ಸಲಿಗೆಯನ್ನು ಅವರು ಕೈದಿಗಾಗಿ ಖರ್ಚು ಮಾಡಿದರು. ವಿರೋಧಿಗೆ ಬರೆದ ಕಾಗದ ಸುಲಭ, ಅದಕ್ಕೆ ಬೆಲೆಯೂ ಕಡಿಮೆ. ನಮ್ಮನ್ನು ಮೆಚ್ಚಿದವರಿಗೆ ಬರೆದು ಅವರ ಮೆಚ್ಚುಗೆ ಕಳೆದುಕೊಳ್ಳುವ ಕಾಗದಕ್ಕೆ ತೂಕವಿದೆ. ಆಮ್ನೆಸ್ಟಿ ಶುರುವಾದ 1961ರಲ್ಲೇ ಅದರ ಸ್ಥಾಪಕ ಪೀಟರ್ ಬೆನೆನ್ಸನ್ ಒಂದು ಪದ್ಧತಿ ತಂದರು. ಪ್ರತಿ ಗುಂಪೂ ಮೂವರನ್ನು ಹಿಡಿದುಕೊಳ್ಳಬೇಕು: ಪಶ್ಚಿಮದವರೊಬ್ಬರು, ಕಮ್ಯುನಿಸ್ಟ್ ದೇಶದವರೊಬ್ಬರು, ಮೂರನೆಯ ಜಗತ್ತಿನವರೊಬ್ಬರು. ನಮ್ಮ ಬೀರುವಿನಲ್ಲೂ ಅದೇ ಕ್ರಮ. ಚೀನಾದ ಕಡತದ ಪಕ್ಕದಲ್ಲೇ ಟರ್ಕಿಯದು, ಅದರ ಪಕ್ಕ ಕ್ಯೂಬಾದ್ದು. ಸಮಾಜವಾದಿ ಗೆಳೆಯರು ಕ್ಯೂಬಾ ಯಾಕೆ ಸಾರ್ ಅಂತ ಮೇಷ್ಟ್ರ ಮೇಲೆ ಮುನಿಸಿಕೊಂಡದ್ದುಂಟು. ಮೇಷ್ಟ್ರು ಕಡತ ತೆಗೆಯಲಿಲ್ಲ.

7. ನಿರಪರಾಧಿ ಎಂದು ನೀವು ಪ್ರಮಾಣ ಮಾಡಬೇಡಿ

ರಸೆಲ್ ಎಡವಿದ್ದನ್ನೂ ಹೇಳಬೇಕು. ಅಮೆರಿಕದಲ್ಲಿ ಗೂಢಚರ್ಯೆಯ ಪ್ರಕರಣದಲ್ಲಿ ರೋಸನ್‌ಬರ್ಗ್ ದಂಪತಿಯೊಂದಿಗೆ 1951ರಲ್ಲಿ ಶಿಕ್ಷೆಯಾದ ಮಾರ್ಟನ್ ಸೊಬೆಲ್ ಅವರಿಗೆ ಮೂವತ್ತು ವರ್ಷ ಜೈಲಾಗಿತ್ತು. 1956ರಲ್ಲಿ ರಸೆಲ್ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಬರೆದು ಅವರು ನಿರಪರಾಧಿಯೆಂದು ವಾದಿಸಿದರು. ಸೊಬೆಲ್ 1969ರಲ್ಲಿ ಹೊರಬಂದರು. 2008ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ತಾನು ಸೋವಿಯತ್ತಿಗೆ ರಹಸ್ಯ ಕೊಟ್ಟದ್ದು ಹೌದು ಎಂದು ಒಪ್ಪಿಕೊಂಡರು. ರಸೆಲ್ ತೀರಿಕೊಂಡು ಆಗಲೇ ಮೂವತ್ತೆಂಟು ವರ್ಷ.

ಆ ಸುದ್ದಿ ಓದಿದ ದಿನ ನಾನು ಹಳೆಯ ಪ್ರತಿಗಳನ್ನೆಲ್ಲ ತೆಗೆದು, ನಾವು ಎಲ್ಲೆಲ್ಲಿ 'ನಿರಪರಾಧಿ' ಅಂತ ಬರೆದಿದ್ದೇವೆ ಎಂದು ಹುಡುಕಿದೆ. ಹನ್ನೆರಡು ಕಡೆ ಇತ್ತು. ನಮಗೆ ಗೊತ್ತಿದ್ದದ್ದು ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಎಂಬುದು, ವಕೀಲರನ್ನು ಕೊಡಲಿಲ್ಲ ಎಂಬುದು, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು ಎಂಬುದು. ಅಷ್ಟನ್ನು ಬರೆದಿದ್ದರೆ ಯಾವ ಕಾಲಕ್ಕೂ ನಿಲ್ಲುತ್ತಿತ್ತು. ಗೊತ್ತಿಲ್ಲದ್ದನ್ನು ಸೇರಿಸಿದಾಗ ಗೊತ್ತಿದ್ದದ್ದೂ ಸಡಿಲವಾಗುತ್ತದೆ.

ಮಂಡೇಲಾ ವಿಷಯದಲ್ಲಿ ಆಮ್ನೆಸ್ಟಿಯೊಳಗೆ 1964ರಲ್ಲಿ ದೊಡ್ಡ ಚರ್ಚೆಯಾಯಿತು. ಹಿಂಸೆಯನ್ನು ಒಪ್ಪಿದವರನ್ನು ಅಂತಃಸಾಕ್ಷಿಯ ಕೈದಿ ಎಂದು ಕರೆಯುವುದಿಲ್ಲ ಎಂಬ ನಿಯಮಕ್ಕೆ ಕಟ್ಟುಬಿದ್ದು ಅವರನ್ನು ಆ ಪಟ್ಟಿಯಲ್ಲಿ ಉಳಿಸಿಕೊಳ್ಳಲಿಲ್ಲ. ಆದರೆ ಚಿತ್ರಹಿಂಸೆ ಬೇಡ, ವಿಚಾರಣೆ ನ್ಯಾಯವಾಗಿರಲಿ ಎಂದು ಕೇಳಲು ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ. ಆ ನಿಯಮ ಸರಿಯೇ ಎಂದು ಮೇಷ್ಟ್ರೂ ನಾನೂ ವರ್ಷಗಟ್ಟಲೆ ಜಗಳವಾಡಿದ್ದೇವೆ. ವರ್ಣಭೇದದ ಸರ್ಕಾರ ಬೇರೆ ದಾರಿಯನ್ನೆಲ್ಲ ಮುಚ್ಚಿದ ಮೇಲೆ ಮಂಡೇಲಾ ಏನು ಮಾಡಬೇಕಿತ್ತು ಎಂಬುದು ನನ್ನ ವಾದ, ಇವತ್ತಿಗೂ. ಕಾಗದದಲ್ಲಿ ಮಾತ್ರ ಆ ಜಗಳಕ್ಕೆ ಜಾಗವಿರಲಿಲ್ಲ.

8. ಮನೆಯವರನ್ನು ಕೇಳದೆ ಪತ್ರಿಕೆಗೆ ಕೊಡಬೇಡಿ

ಇದನ್ನು ಬರೆಯುವುದು ಕಷ್ಟ. ತೊಂಬತ್ತರ ದಶಕದಲ್ಲಿ ಬೇರೆ ದೇಶದ ಒಬ್ಬ ತರುಣ ಕವಿಗಾಗಿ ಬಹಿರಂಗ ಪತ್ರ ಬರೆದು, ಹತ್ತು ಜನ ಲೇಖಕರ ಸಹಿ ಹಾಕಿಸಿ ಪತ್ರಿಕೆಗೆ ಕೊಟ್ಟೆವು. ಚೆನ್ನಾಗಿಯೇ ಅಚ್ಚಾಯಿತು. ನಾನು ಕತ್ತರಿಸಿ ಕಡತಕ್ಕೆ ಅಂಟಿಸಿದೆ. ಎರಡು ತಿಂಗಳ ಮೇಲೆ ಅವನ ಅಕ್ಕ ಯಾರದೋ ಮೂಲಕ ನಾಲ್ಕು ಸಾಲು ಬರೆದು ಕಳಿಸಿದಳು. ಮನೆಯವರು ಒಬ್ಬ ಅಧಿಕಾರಿಯ ಜೊತೆ ಸದ್ದಿಲ್ಲದೆ ಮಾತಾಡಿ ಬಿಡುಗಡೆಯ ಹಂತಕ್ಕೆ ತಂದಿದ್ದರಂತೆ. ಹೊರದೇಶದ ಪತ್ರಿಕೆಯಲ್ಲಿ ಹೆಸರು ಬಂದದ್ದೇ ಆ ಮಾತುಕತೆ ನಿಂತಿತು, ತಾಯಿಗೆ ಇದ್ದ ಭೇಟಿಯೂ ನಿಂತಿತು. ಇನ್ನು ಮುಂದೆ ನಮ್ಮನ್ನು ಕೇಳಿ ಬರೆಯಿರಿ, ಅಷ್ಟೇ ಬರೆದಿದ್ದಳು. ಬೈದಿರಲಿಲ್ಲ.

ಬಹಿರಂಗ ಪತ್ರಕ್ಕೂ ಕಾಲವಿದೆ. ಎಲ್ಲ ಬಾಗಿಲೂ ಮುಚ್ಚಿದಾಗ ಸದ್ದು ಮಾಡಲೇಬೇಕು. ಆ ಕಾಲ ಬಂದಿದೆಯೇ ಎಂದು ನಿರ್ಧರಿಸುವ ಹಕ್ಕು ಒಳಗಿರುವವನದು, ಅವನ ಮನೆಯವರದು.

9. ಸಹಿ ಸಾಲ ಕೊಡಿ

1960ರ ದಶಕದಲ್ಲಿ ನೈಜೀರಿಯಾದ ಸೇನಾಡಳಿತ ಲೇಖಕ ವೊಲೆ ಸೊಯಿಂಕಾ ಅವರನ್ನು ಜೈಲಿಗೆ ಹಾಕಿದಾಗ, ಪೆನ್ ಅಧ್ಯಕ್ಷರಾಗಿದ್ದ ನಾಟಕಕಾರ ಆರ್ಥರ್ ಮಿಲ್ಲರ್ ಜನರಲ್ ಗೊವೊನ್‌ಗೆ ಬರೆದರು. ಈತ ಮರ್ಲಿನ್ ಮನ್ರೋಳ ಗಂಡನಾಗಿದ್ದವನೇ ಎಂದು ಕೇಳಿ ಖಚಿತಪಡಿಸಿಕೊಂಡು ಜನರಲ್ ಕಾಗದಕ್ಕೆ ಬೆಲೆ ಕೊಟ್ಟರು ಎಂದು ಮಿಲ್ಲರ್ ಹೇಳಿಕೊಂಡಿದ್ದಾರೆ. ಹೆಸರು ಯಾಕಾಗಿ ಕೆಲಸ ಮಾಡುತ್ತದೆ ಎಂದು ಹೆಸರಿನವರು ಚೌಕಾಸಿ ಮಾಡಬಾರದು. ಸಿನಿಮಾ ನಟರು, ಕ್ರಿಕೆಟಿಗರು, ಮಠದ ಸ್ವಾಮಿಗಳು, ಆ ದೇಶಕ್ಕೆ ಸಾಮಾನು ಮಾರುವ ವ್ಯಾಪಾರಿಗಳು, ಯಾರ ಸಹಿಗೆ ಬಾಗಿಲು ತೆರೆಯುತ್ತದೋ ಅವರ ಮನೆಗೆ ಹೋಗಿ. ಮೇಷ್ಟ್ರು ಎರಡು ಸಲ ತಮ್ಮ ಸಹಿಯನ್ನು ತೆಗೆದು, ತಮಗೆ ಸ್ವಲ್ಪವೂ ಸೇರದ ಒಬ್ಬ ಉದ್ಯಮಿಯ ಸಹಿ ಹಾಕಿಸಿದರು.

10. ಕಾರ್ಬನ್ ಪ್ರತಿ ಇಡಿ. ಮೇಲೆ ತಾರೀಕು ಹಾಕಿ. ರಿಜಿಸ್ಟರ್ ಮಾಡಿದ ಚೀಟಿಯನ್ನು ಅದಕ್ಕೇ ಚುಚ್ಚಿಡಿ.

11. 'ನಿಮ್ಮ ಮನೆ ಮೊದಲು ನೋಡಿಕೊಳ್ಳಿ'

ರಾಯಭಾರ ಕಚೇರಿಗಳಿಂದ ಅಪರೂಪಕ್ಕೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. ನಮ್ಮ ಊರಿನವರೂ ಇದನ್ನೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಮನೆಯ ಜೈಲುಗಳ ಬಗ್ಗೆ ಬಾಯಿ ಮುಚ್ಚಿಕೊಂಡವರಿಗೆ ಪರದೇಶದ ಜೈಲಿನ ಬಗ್ಗೆ ಬರೆಯುವ ಅಧಿಕಾರವಿಲ್ಲ. ಮೇಷ್ಟ್ರು ತುರ್ತು ಪರಿಸ್ಥಿತಿಯಲ್ಲಿ ಒಳಗಿದ್ದು ಬಂದವರು, ಹಾಗಾಗಿ ಅವರು ಈ ಪ್ರಶ್ನೆಗೆ ತಲೆ ಎತ್ತಿ ಉತ್ತರ ಕೊಡುತ್ತಿದ್ದರು. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ಒದ್ದಾಡಿ, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, 20ರಂದು ತೀರಿಕೊಂಡದ್ದನ್ನು ಅವರು ನೆನೆಯದ ವರ್ಷವಿಲ್ಲ.

ಆಗ ನಮ್ಮವರಿಗಾಗಿ ಹೊರಗಿನವರು ಬರೆದಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಹಿಡಿದರು. ಅದಕ್ಕೆ ಮೊದಲೇ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಮೂಳೆ ಮುರಿಯುವಂತೆ ಹೊಡೆದಿದ್ದರು. ತಾಯಿ ಆಲಿಸ್ ರಾಷ್ಟ್ರಪತಿಗೆ ಕಾಗದ ಬರೆದರು. ಜಾರ್ಜ್ ಅವರನ್ನು ಗುಟ್ಟಾಗಿ ಮುಗಿಸಿಬಿಡುತ್ತಾರೆಂಬ ಭಯವಿತ್ತು. ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯದ ಬ್ರೂನೊ ಕ್ರೈಸ್ಕಿ, ಸ್ವೀಡನ್ನಿನ ಓಲೋಫ್ ಪಾಲ್ಮೆ, ಈ ನಾಯಕರು ಇಂದಿರಾ ಗಾಂಧಿಯವರ ಮುಂದೆ ಅವರ ಜೀವದ ಮಾತೆತ್ತಿದರು. ಬರೋಡಾ ಡೈನಮೈಟ್ ಪ್ರಕರಣದ ಆರೋಪಿಗಾಗಿ, ನೆನಪಿಡಿ. ಅವರು ಕೇಳಿದ್ದು ಜೀವಕ್ಕೆ ಅಪಾಯವಾಗದಿರಲಿ ಎಂದು.

ಆ ವಿಲ್ಲಿ ಬ್ರಾಂಟ್ ಯಾರು ಅನ್ನುತ್ತೀರಿ? ಮೂವತ್ತರ ದಶಕದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ನಾರ್ವೆ ಸೇರಿದ್ದ ಹುಡುಗ. ಓಸಿಯೆಟ್ಸ್‌ಕಿಗೆ ನೊಬೆಲ್ ಸಿಗಲೆಂದು ಓಸ್ಲೋದಲ್ಲಿ ಕೂತು ಕಾಗದ ಬರೆಯುತ್ತಿದ್ದವರಲ್ಲಿ ಆತನೂ ಒಬ್ಬ. ನಲವತ್ತು ವರ್ಷಗಳ ಮೇಲೆ ಅದೇ ಕೈ ಮಂಗಳೂರಿನ ಮಗನ ಪರ ನಿಂತಿತು. ಆ ಜಾರ್ಜ್ ಮುಂದೆ ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಮನೆಯಲ್ಲೇ ಬರ್ಮಾದಿಂದ ಓಡಿಬಂದ ಹುಡುಗರಿಗೆ ಜಾಗ ಕೊಟ್ಟರು. ನಮಗೆ ಬರ್ಮಾದ ಕೈದಿಗಳ ಸರಿಯಾದ ಹೆಸರುಗಳು ಸಿಗತೊಡಗಿದ್ದು ಅಂಥ ಹುಡುಗರಿಂದಲೇ.

12. ಬಿಡುಗಡೆಯಾದವರು ನಮ್ಮ ಋಣದಲ್ಲಿಲ್ಲ

ಬರ್ಮಾದ ನಾಯಕಿ ಆಂಗ್ ಸಾನ್ ಸೂ ಕಿಯವರಿಗಾಗಿ ನಾವು ಬರೆದಷ್ಟು ಕಾಗದ ಇನ್ಯಾರಿಗೂ ಬರೆದಿಲ್ಲ. ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದವರು ಎಂಬ ಸಲಿಗೆ ಬೇರೆ. 1989ರಿಂದ 2010ರವರೆಗೆ ಹೆಚ್ಚುಕಡಿಮೆ ಹದಿನೈದು ವರ್ಷ ಗೃಹಬಂಧನ. ಹೊರಬಂದರು, ಅಧಿಕಾರಕ್ಕೂ ಬಂದರು. ರೋಹಿಂಗ್ಯಾ ಜನರ ಮೇಲಿನ ಸೇನೆಯ ದೌರ್ಜನ್ಯ ಬಯಲು ಮಾಡಿದ ರಾಯಿಟರ್ಸ್ ಪತ್ರಕರ್ತರಾದ ವಾ ಲೋನ್ ಮತ್ತು ಚೌ ಸೋ ಊ ಅವರಿಗೆ 2018ರಲ್ಲಿ ಏಳು ವರ್ಷ ಶಿಕ್ಷೆಯಾದಾಗ ಸೂ ಕಿಯವರು ಆ ತೀರ್ಪನ್ನೇ ಸಮರ್ಥಿಸಿದರು. ಆಮ್ನೆಸ್ಟಿ ತಾನು ಕೊಟ್ಟಿದ್ದ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಿತು.

ನಾನು ಅದೇ ಟೈಪ್‌ರೈಟರಿನಲ್ಲಿ, ಅದೇ ಒಕ್ಕಣೆಯಲ್ಲಿ, ಈ ಸಲ ಅವರಿಗೇ ಬರೆದೆ. ಮಾನ್ಯರೇ, ಇಂಥ ಇಬ್ಬರು, ಇಂಥ ಜೈಲು, ಇಂಥ ದಿನದಿಂದ. ಬೆರಳು ನಡುಗಿತು. 2019ರ ಮೇ ತಿಂಗಳಲ್ಲಿ ಅವರಿಬ್ಬರೂ ಕ್ಷಮಾದಾನದಲ್ಲಿ ಹೊರಬಂದರು. 2021ರ ಫೆಬ್ರವರಿ 1ರಂದು ಸೇನೆ ದಂಗೆ ಎದ್ದು ಸೂ ಕಿಯವರನ್ನು ಮತ್ತೆ ಹಿಡಿಯಿತು. ಆ ವಾರ ಮೂವರು ಫೋನ್ ಮಾಡಿ, ಇನ್ನು ಅವರಿಗಾಗಿ ಬರೆಯುತ್ತೀರಾ ಅಂತ ಕೇಳಿದರು. ಬರೆದೆ. ಅನ್ಯಾಯವಾಗಿ ಜೈಲಿಗೆ ಹೋದವರಿಗಾಗಿ ಬರೆಯುವ ಕಾಗದ ಬಹುಮಾನವಲ್ಲ, ವಾಪಸ್ಸು ಪಡೆಯುವುದಕ್ಕೆ.

13. ಉತ್ತರ ಬರುವುದಿಲ್ಲ

1977ರ ಜನವರಿ 6ರಂದು ಪ್ರಾಗ್‌ನಲ್ಲಿ ನಾಟಕಕಾರ ವಾತ್ಸ್ಲಾವ್ ಹಾವೆಲ್ ಮತ್ತು ಇಬ್ಬರು ಗೆಳೆಯರು ಮಾನವ ಹಕ್ಕುಗಳನ್ನು ಕೇಳುವ ಚಾರ್ಟರ್ 77ರ ಮನವಿಯನ್ನು ಸರ್ಕಾರಕ್ಕೆ ಮುಟ್ಟಿಸಲು ಕಾರಿನಲ್ಲಿ ಹೋಗುವಾಗ ಪೊಲೀಸರು ಹಿಡಿದರು. ಮುಂದೆ ಹಾವೆಲ್ ವರ್ಷಗಟ್ಟಲೆ ಜೈಲಿನಲ್ಲಿದ್ದರು, ಆಮೇಲೆ ದೇಶದ ಅಧ್ಯಕ್ಷರಾದರು. 2010ರ ಜನವರಿ 6ರಂದು, ಸರಿಯಾಗಿ ಮೂವತ್ಮೂರು ವರ್ಷಗಳ ಮೇಲೆ, ಚೀನಾದ ಲೇಖಕ ಲಿಯು ಶಿಯಾಬೊ ಅವರಿಗೆ ಹನ್ನೊಂದು ವರ್ಷ ಶಿಕ್ಷೆಯಾದದ್ದನ್ನು ವಿರೋಧಿಸಿ ಬರೆದ ಕಾಗದ ಹಿಡಿದು ಪ್ರಾಗ್‌ನ ಚೀನಾ ರಾಯಭಾರ ಕಚೇರಿಯ ಮುಂದೆ ನಿಂತರು. ಗಂಟೆ ಒತ್ತಿದರು, ಯಾರೂ ಬಾಗಿಲು ತೆಗೆಯಲಿಲ್ಲ. ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದರು. ಲಿಯು 2017ರ ಜುಲೈನಲ್ಲಿ ಬಂಧನದಲ್ಲೇ ತೀರಿಕೊಂಡರು.

ಇಂಥದ್ದು ಸಂಭವಿಸಿದಾಗ ನಾನು ಸಖರೋವ್ ಅವರ ಕಥೆಗೆ ಹೋಗುತ್ತೇನೆ. ಗೋರ್ಕಿ ನಗರದಲ್ಲಿ ಗಡೀಪಾರಾಗಿದ್ದ ಆ ವಿಜ್ಞಾನಿ 1986ರ ಫೆಬ್ರವರಿಯಲ್ಲಿ ಕೈದಿಗಳ ಹೆಸರುಗಳನ್ನು ಬರೆದು ಗೋರ್ಬಚೆವ್‌ಗೆ ಕಾಗದ ಹಾಕಿದ್ದರು. ತಿಂಗಳುಗಟ್ಟಲೆ ಮೌನ. ಡಿಸೆಂಬರ್ 15ರ ರಾತ್ರಿ ಇದ್ದಕ್ಕಿದ್ದಂತೆ ಮನೆಗೆ ಟೆಲಿಫೋನ್ ಹಾಕಿಹೋದರು. ಮರುದಿನ ಗೋರ್ಬಚೆವ್ ಅವರೇ ಮಾತಾಡಿ, ನೀವು ಮಾಸ್ಕೋಗೆ ಬರಬಹುದು ಅಂದರು. ಸಖರೋವ್ ವಂದನೆ ಹೇಳಿ, ಕೂಡಲೇ ತಮ್ಮ ಗೆಳೆಯ ಅನತೋಲಿ ಮಾರ್ಚೆಂಕೊ ಜೈಲಿನಲ್ಲಿ ಸತ್ತ ಮಾತೆತ್ತಿದರು. ಎಂಟು ದಿನ ಹಿಂದೆ, ಡಿಸೆಂಬರ್ 8ರಂದು ತೀರಿಕೊಂಡಿದ್ದರು. ತಾವು ಕಳಿಸಿದ ಪಟ್ಟಿಯ ಉಳಿದವರನ್ನು ಬಿಡಬೇಕೆಂದು ಕೇಳಿದರು. ತನ್ನ ಬಿಡುಗಡೆಯ ಫೋನಿನಲ್ಲಿ ಇನ್ನೊಬ್ಬರ ಹೆಸರು ಹೇಳಲು ಎಂಥ ಮನಸ್ಸು ಬೇಕು! 1987ರ ಆರಂಭದಿಂದ ಆ ಪಟ್ಟಿಯವರು ಹೊರಬರತೊಡಗಿದರು.

14. ಕೈದಿಗೇ ಬರೆಯುವಾಗ

ಅಧಿಕಾರಿಗೆ ಬರೆದಂತೆ ಅಲ್ಲ ಇದು. ಪ್ರಕರಣದ ಮಾತು ಬೇಡ, ರಾಜಕೀಯ ಬೇಡ, ಧೈರ್ಯ ಹೇಳುವುದಂತೂ ಬೇಡ. ಅವರಿಗೆ ಇರುವ ಧೈರ್ಯ ನಮಗಿಲ್ಲ. ಮಳೆ ಬಂತೇ, ಬೀದಿಯಲ್ಲಿ ಏನು ಮಾರುತ್ತಿದ್ದಾರೆ, ಮನೆಯ ಹಿಂದೆ ಏನು ಬೆಳೆದಿದೆ, ಅಷ್ಟು ಬರೆಯಿರಿ.

ಬರ್ಮಾದ ಒಬ್ಬ ಶಾಲಾ ಮೇಷ್ಟ್ರಿಗೆ ಹನ್ನೊಂದು ಕಾಗದ ಬರೆದಿದ್ದೆ. ಬೇರೇನೂ ತೋಚದೆ ನಮ್ಮ ಹಿತ್ತಲಿನ ಹಲಸಿನ ಮರದ ವಿಷಯವನ್ನೇ ಬರೆಯುತ್ತಿದ್ದೆ. ಈ ವರ್ಷ ಹೂ ಬಿಟ್ಟಿದೆ, ಬುಡದಲ್ಲೇ ಒಂಬತ್ತು ಕಾಯಿ ಕಚ್ಚಿವೆ, ಒಂದನ್ನು ಮಂಗ ಕಚ್ಚಿ ಹಾಳು ಮಾಡಿತು, ಹೀಗೆ. ಮರುದನಿಯಿರಲಿಲ್ಲ. 2012ರ ಜನವರಿಯಲ್ಲಿ ಅಲ್ಲಿ ನೂರಾರು ರಾಜಕೀಯ ಕೈದಿಗಳು ಹೊರಬಂದರು, ಅವರೂ ಬಂದರು. ಮೇ ತಿಂಗಳಲ್ಲಿ ಒಂದು ಲಕೋಟೆ ಬಂತು. ಹನ್ನೊಂದರಲ್ಲಿ ಎರಡು ಅವರ ಕೈ ಸೇರಿದ್ದವಂತೆ. ತಮ್ಮ ಊರಿನಲ್ಲೂ ಹಲಸು ಇದೆ, ಒಳಗಿದ್ದಾಗ ಪ್ರತಿ ಬೇಸಿಗೆ ನಿಮ್ಮ ಮರದಲ್ಲಿ ಎಷ್ಟು ಕಾಯಿ ಇರಬಹುದೆಂದು ಲೆಕ್ಕ ಹಾಕುತ್ತಿದ್ದೆ ಎಂದು ಬರೆದಿದ್ದರು. ಈ ವರ್ಷ ಎಷ್ಟು ಎಂದು ಕೇಳಿದ್ದರು.

ಲಕೋಟೆ ಕೈಯಲ್ಲೇ ಹಿಡಿದು ಹಿತ್ತಲಿಗೆ ಹೋಗಿ ಎರಡು ಸಲ ಎಣಿಸಿದೆ. ಇಪ್ಪತ್ಮೂರು ಇದ್ದವು. ಒಳಗೆ ಬಂದು ಅದನ್ನೇ ಮೊದಲ ಸಾಲು ಮಾಡಿ ಬರೆಯಲು ಕೂತೆ.